ಲೈನ್ ಕ್ಲಿಯರ್ ಸಿಗದ ಫೋನು

ಯಂತ್ರವೊಂದು ನಿಂತುಹೋದಾಗ ಹೇಳಲು ಕನ್ನಡದಲ್ಲಿ ಮಾತುಗಳಿಗೆ ಬರವಿಲ್ಲ. ಕೆಟ್ಟಿತು, ಕೈಕೊಟ್ಟಿತು, ಮುಷ್ಕರ ಹೂಡಿತು, ಮಲಗಿಬಿಟ್ಟಿತು ಎನ್ನುತ್ತೇವೆ. ಧಾರವಾಡದ ಕಡೆ ‘ಕೆಟ್ಟು ಕುಂತದ’ ಎನ್ನುತ್ತಾರೆ. ಈ ಎಲ್ಲ ಮಾತುಗಳಲ್ಲಿ ಯಂತ್ರಕ್ಕೊಂದು ಸ್ವಭಾವವಿದೆ, ಮುನಿಸಿದೆ. ಮುನಿಸು ಇಳಿದರೆ ಮತ್ತೆ ಎದ್ದೀತೆಂಬ ನಿರೀಕ್ಷೆಯೂ ಇದೆ. ಮೊಬೈಲ್ ಫೋನಿನ ತಂತ್ರಾಂಶವನ್ನು ತಾವೇ ಬದಲಿಸುವ ಹವ್ಯಾಸಿಗಳು ಬಳಸುವ ಮಾತು ಮಾತ್ರ ಬೇರೆ ಜಾತಿಯದು. ಅವರ ಭಾಷೆಯಲ್ಲಿ ಫೋನು ‘ಬ್ರಿಕ್’ ಆಗುತ್ತದೆ, ಅಂದರೆ ಇಟ್ಟಿಗೆಯಾಗುತ್ತದೆ. ಇಟ್ಟಿಗೆಗೆ ಮುನಿಸಿಲ್ಲ. ಅದು ಗೋಡೆಗೆ ಸಲ್ಲುತ್ತದೆ, ಇಲ್ಲವೆ ಬಾಗಿಲು ಹಾಕಿಕೊಳ್ಳದಂತೆ ಅಡ್ಡ ಇಡಲು ಸಲ್ಲುತ್ತದೆ, ಮಾತನಾಡುವುದಿಲ್ಲ. ಕಳೆದ ವರ್ಷ ನಮ್ಮ ಮನೆಯಲ್ಲಿ ಒಂದು ಫೋನು ಒಂಬತ್ತು ದಿನ ಇಟ್ಟಿಗೆಯಾಗಿತ್ತು. ಅದು ಮರಳಿ ಫೋನಾದ ಬಗೆಯನ್ನು ಇಲ್ಲಿ ಬರೆಯುತ್ತಿರುವುದು ತಂತ್ರಜ್ಞಾನವನ್ನು ಬೋಧಿಸುವುದಕ್ಕಲ್ಲ. ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಹಿರಿಯರ ದನಿ ಈಗ ಎಲ್ಲಿ ವಾಸವಾಗಿದೆ ಎಂಬುದು ಆ ಒಂಬತ್ತು ದಿನಗಳಲ್ಲಿ ನಮಗೆ ಅರಿವಾಯಿತು ಎಂಬ ಕಾರಣಕ್ಕೆ.

ಫೋನಿನೊಡನೆ ಬಂದ ತಂತ್ರಾಂಶವನ್ನು ತೆಗೆದು ಬೇರೊಂದನ್ನು ಏಕೆ ಹಾಕಬೇಕು ಎಂದು ಕೇಳುವವರುಂಟು. ಉತ್ತರ ಸರಳವಾಗಿದೆ. ಫೋನಿನ ಗಾಜು, ಲೋಹ, ಬ್ಯಾಟರಿಗಳಿಗಿಂತ ಮೊದಲು ಅದರ ತಂತ್ರಾಂಶಕ್ಕೆ ಮುಪ್ಪು ಬರುತ್ತದೆ. ತಯಾರಕರು ಕೆಲವು ವರ್ಷ ಹೊಸ ಆವೃತ್ತಿಗಳನ್ನು ಕಳಿಸಿ ಆಮೇಲೆ ನಿಲ್ಲಿಸುತ್ತಾರೆ. ಆಗ ಗಟ್ಟಿಯಾಗಿರುವ ಫೋನು ಕೂಡ ಹೊಸ ಆ್ಯಪ್‌ಗಳಿಗೆ ಬೇಡವಾಗುತ್ತದೆ. ಆಂಡ್ರಾಯ್ಡಿನ ಮೂಲ ಸಂಕೇತ ಎಲ್ಲರಿಗೂ ತೆರೆದದ್ದು; ಅದರ ತಳದಲ್ಲಿರುವ ಲಿನಕ್ಸ್ ಕರ್ನೆಲ್ ಕೂಡ ಹಾಗೆಯೇ. ಆದ್ದರಿಂದ ಬಲ್ಲವರು ಅದನ್ನು ಹಳೆಯ ಫೋನುಗಳಿಗೆ ಹೊಂದಿಸಿ ಹಂಚುತ್ತಾರೆ. ಮೊದಲ ಆಂಡ್ರಾಯ್ಡ್ ಫೋನಾದ ಎಚ್‌ಟಿಸಿ ಡ್ರೀಮ್ ಮಾರುಕಟ್ಟೆಗೆ ಬಂದದ್ದು 2008ರಲ್ಲಿ. ಮರುವರ್ಷವೇ ಸ್ಟೀವ್ ಕಾಂಡಿಕ್ ಎಂಬವರು ಸಯನೋಜೆನ್‌ಮಾಡ್ ಎಂಬ ಹೆಸರಿನ ಇಂಥ ತಂತ್ರಾಂಶವನ್ನು ಹೊರತಂದರು. ಅದು 2016ರ ಕೊನೆಗೆ ನಿಂತಾಗ ಅದರ ಬೇರಿನಿಂದಲೇ ಲಿನಿಯೇಜ್ ಓಎಸ್ ಚಿಗುರಿತು. ಇದರ ಹಿಂದೆ ಇರುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ದುಡಿಯುವ ಉತ್ಸಾಹಿಗಳು.

ನಮ್ಮ ಓದುಗರಲ್ಲಿ ನಲವತ್ತು ದಾಟಿದವರಿಗೆ ಇನ್ನೊಂದು ಕಾರಣವೂ ನೆನಪಿರಬಹುದು. ಸ್ಮಾರ್ಟ್‌ಫೋನು ನಮ್ಮ ಕೈಗೆ ಬಂದ ಮೊದಲ ವರ್ಷಗಳಲ್ಲಿ ಊರಿನಿಂದ ಯಾರಾದರೂ ಕನ್ನಡದಲ್ಲಿ ನಾಲ್ಕು ಸಾಲು ಕಳಿಸಿದರೆ ತೆರೆಯ ಮೇಲೆ ಬರಿಯ ಚೌಕಗಳ ಸಾಲು ಕಾಣುತ್ತಿತ್ತು. ಪರಊರಿನಲ್ಲಿ ಕುಳಿತು ತಾಯ್ನುಡಿಯ ಕಾಗದ ತೆರೆದರೆ ಖಾಲಿ ಕಿಟಕಿಗಳು! ಫೋನನ್ನು ರೂಟ್ ಮಾಡಿ, ಕನ್ನಡ ಫಾಂಟು ತುಂಬಿದವರಿಗೂ ಒತ್ತಕ್ಷರಗಳು ಕೂಡಿ ಬರುತ್ತಿರಲಿಲ್ಲ. ‘ಅಕ್ಕ’ ಎಂಬುದು ‘ಅಕ್‌ಕ’ ಎಂದು ಒಡೆದು ನಿಲ್ಲುತ್ತಿತ್ತು. 2012ರಲ್ಲಿ ಬಂದ ಆಂಡ್ರಾಯ್ಡ್ 4.1 ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲ ಕೊಟ್ಟ ಮೇಲೆ ಆ ಕಷ್ಟ ನೀಗಿತು. ಅಲ್ಲಿಯವರೆಗೆ ಫೋನಿನ ಹೊಟ್ಟೆ ಕೊಯ್ದವರಲ್ಲಿ ಕೆಲವರಾದರೂ ಕುತೂಹಲಕ್ಕೆ ಕೊಯ್ದವರಲ್ಲ; ಅಕ್ಷರಕ್ಕಾಗಿ ಕೊಯ್ದವರು.

ನಮ್ಮ ಮನೆಯ ಫೋನಿಗೆ ಬರೋಣ. ಅದು ಅಜ್ಜನದು. ಅವರು ನಮ್ಮಿಬ್ಬರಲ್ಲಿ ಒಬ್ಬರಿಗೆ ತಂದೆ, ಇನ್ನೊಬ್ಬರಿಗೆ ಮಾವ, ಮಗನಿಗೆ ಅಜ್ಜ. ಮನೆಯಲ್ಲಿ ಎಲ್ಲರೂ ಅಜ್ಜ ಎಂದೇ ಕರೆಯುವುದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇವೆ. ಹುಬ್ಬಳ್ಳಿ ವಿಭಾಗದಲ್ಲಿ ಸ್ಟೇಷನ್ ಮಾಸ್ತರರಾಗಿದ್ದವರು. ಲೋಂಡಾ, ಘಟಪ್ರಭಾ, ಕುಡಚಿ ಎಂದು ಮಿರಜ ಮಾರ್ಗದ ಹಲವು ನಿಲ್ದಾಣಗಳ ನೀರು ಕುಡಿದು, 2003ರಲ್ಲಿ ನೈಋತ್ಯ ರೈಲ್ವೆ ಹುಟ್ಟಿದ ಮರುವರ್ಷ ನಿವೃತ್ತರಾದರು. ಅಜ್ಜಿ ತೀರಿಕೊಂಡ ಮೇಲೆ ಧಾರವಾಡದ ಮನೆಗೆ ಬೀಗ ಹಾಕಿ ಪುಣೆಗೆ ಬಂದರು. ಇಲ್ಲಿ ಅವರಿಗೆ ಮಾತಿಗೆ ಜನವಿರಲಿಲ್ಲ. ನಾವಿಬ್ಬರೂ ಕಚೇರಿಗೆ ಹೋದರೆ ಮರಳುವುದು ಏಳಕ್ಕೆ. ಮಗ ತನ್ನ ಹಳೆಯ ಫೋನಿಗೆ ಹೊಸ ತಂತ್ರಾಂಶ ಹಾಕಿ, ಅಕ್ಷರ ದೊಡ್ಡದು ಮಾಡಿ, ತೆರೆಯ ಮೇಲೆ ಮೂರೇ ಗುರುತು ಉಳಿಸಿ ಅಜ್ಜನಿಗೆ ಕೊಟ್ಟನು: ಕರೆ, ರೇಡಿಯೊ, ಧ್ವನಿಮುದ್ರಣ. “ಅಜ್ಜಾ, ನಿಮ್ಮ ರೇಲ್ವೆ ಕಥಿ ಇದರೊಳಗ ಹೇಳ್ರಿ. ನಾ ಬಂದ್ ಮ್ಯಾಲೆ ಕೇಳತೀನಿ” ಎಂದನು.

ಅಜ್ಜ ಹೇಳಿದರು. ಒಟ್ಟು 64 ಮುದ್ರಣಗಳು, ಒಂದೊಂದೂ ಎಂಟು-ಹತ್ತು ನಿಮಿಷದವು. ಮೀಟರ್ ಗೇಜಿನ ಕಾಲ. ಸಂಜೆಗೆ ಸಿಗ್ನಲ್ ಕಂಬ ಹತ್ತಿ ಸೀಮೆಎಣ್ಣೆ ದೀಪ ಇಡುತ್ತಿದ್ದ ಪಾಯಿಂಟ್ಸ್‌ಮನ್‌ಗಳು. ಕೃಷ್ಣೆಗೆ ಮಹಾಪೂರ ಬಂದಾಗ ಕುಡಚಿಯ ಸೇತುವೆಯ ಮೇಲೆ ಕಣ್ಣಿಟ್ಟು ಕಳೆದ ರಾತ್ರಿಗಳು. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಕಬ್ಬಿಣದ ಗುಂಡಿನಂಥ ಟೋಕನ್ ಇಟ್ಟು, ಓಡುವ ಗಾಡಿಯ ಚಾಲಕನ ತೋಳಿಗೆ ಸಿಗುವಂತೆ ಎತ್ತಿ ಹಿಡಿಯುತ್ತಿದ್ದುದು. ಯುಗಾದಿಗೆ ಮಗ 41 ಮುದ್ರಣಗಳನ್ನು ಮನೆಯ ಕಂಪ್ಯೂಟರಿಗೆ ಇಳಿಸಿದ್ದನು. ಆಮೇಲಿನ 23 ಫೋನಿನಲ್ಲಿಯೇ ಇದ್ದವು.

ಮರುವರ್ಷದ ಫೆಬ್ರುವರಿಯಲ್ಲಿ ಅಜ್ಜನಿಗೆ ಪಾರ್ಶ್ವವಾಯು ಬಡಿಯಿತು. ಮಿದುಳಿನ ಎಡಭಾಗಕ್ಕೆ ಆದ ಆಘಾತ. ಬಲಗೈ ಸೋತಿತು, ಮಾತು ಹೋಯಿತು. ವೈದ್ಯರು ಇದನ್ನು ಅಫೇಸಿಯಾ ಎನ್ನುತ್ತಾರೆ. ಆಡಿದ್ದು ತಿಳಿಯುತ್ತದೆ, ಮುಖ ಗುರುತಾಗುತ್ತದೆ, ಹೇಳಬೇಕಾದದ್ದು ಒಳಗೆ ಇದೆ. ಮಾತಾಗಿ ಹೊರಬರುವ ದಾರಿ ಮಾತ್ರ ಮುಚ್ಚಿದೆ. ವಾಕ್‌ಚಿಕಿತ್ಸಕಿ ಒಂದು ಆಶೆ ಕೊಟ್ಟರು. ಇಂಥವರಿಗೆ ಹೊಸ ವಾಕ್ಯ ಕಟ್ಟುವುದು ದುಸ್ತರವಾದರೂ ಬಾಯಿಪಾಠವಾದ ಸರಣಿಗಳು, ಎಣಿಕೆ, ವಾರಗಳ ಹೆಸರು, ಭಜನೆಯ ಸಾಲು, ಕೆಲವೊಮ್ಮೆ ತಾವಾಗಿ ಹೊರಡುತ್ತವೆ. ಅಲ್ಲಿಂದ ಆರಂಭಿಸಬೇಕು ಎಂದರು. ಅಜ್ಜನಿಗೆ ಬಾಯಿಪಾಠವಾದದ್ದು ಯಾವುದೆಂದು ನಾವು ಯೋಚಿಸಬೇಕಾಗಿರಲಿಲ್ಲ. ಘಟಪ್ರಭಾದಿಂದ ಮಿರಜದವರೆಗಿನ ನಿಲ್ದಾಣಗಳನ್ನು ಅವರು ಒಂದು ಮುದ್ರಣದಲ್ಲಿ ಜಪದಂತೆ ಹೇಳಿದ್ದರು. ಅದು ಆ 23ರಲ್ಲಿ ಒಂದು. ಸಂಜೆಗಳಲ್ಲಿ ಅಜ್ಜ ಎಡಗೈಯ ಹೆಬ್ಬೆರಳಿನಿಂದ ತಮ್ಮ ನಾಲ್ಕಂಕಿಯ ಗುಟ್ಟನ್ನು ಒತ್ತಿ ಫೋನು ತೆರೆದು, ತಮ್ಮದೇ ದನಿಯನ್ನು ಕೇಳುತ್ತ ಕೂಡುತ್ತಿದ್ದರು. ಆ ನಾಲ್ಕಂಕಿ ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಆಷಾಢದ ಒಂದು ಭಾನುವಾರ. ಚಿಕಿತ್ಸಕಿ ವಾರಕ್ಕೆರಡು ಬಾರಿ ವಿಡಿಯೊ ಕರೆಯಲ್ಲಿ ಅಭ್ಯಾಸ ಮಾಡಿಸುವ ಆ್ಯಪ್, ಇನ್ನು ಮುಂದೆ ಹಳೆಯ ಆಂಡ್ರಾಯ್ಡಿನಲ್ಲಿ ಓಡಲಾರೆನೆಂದು ತಿಳಿಸಿತ್ತು. ಎರಡನೆಯ ವರ್ಷದ ಇಂಜಿನಿಯರಿಂಗ್ ಓದುತ್ತಿರುವ ಮಗ ಹೊಸ ಆವೃತ್ತಿಯನ್ನು ಹಾಕಿದನು. ಅನುಸ್ಥಾಪನೆ ಮುಗಿಯಿತೆಂದು ಪರದೆ ಹೇಳಿತು. ಫೋನು ಒಮ್ಮೆ ನಡುಗಿ, ಲಾಂಛನ ತೋರಿಸಿ, ಇಪ್ಪತ್ತು ಸೆಕೆಂಡಿನಲ್ಲಿ ಆರಿ, ಮತ್ತೆ ನಡುಗಿ, ಮತ್ತೆ ಲಾಂಛನ ತೋರಿಸಿತು. ಸ್ವರ್ಗಕ್ಕೂ ಸಲ್ಲದೆ ಭೂಮಿಗೂ ಇಳಿಯದೆ ನಡುವೆ ತೂಗಿದ ತ್ರಿಶಂಕುವಿನ ಸ್ಥಿತಿ. ಮಗ ಅದನ್ನು ರಿಕವರಿ ಎಂಬ ತುರ್ತುಕೋಣೆಗೆ ಒಯ್ದನು. ಅದು ಗುಟ್ಟಿನ ಅಂಕಿ ಕೇಳಿತು. ಅಜ್ಜ ಎಡಹೆಬ್ಬೆರಳಿನಿಂದ ಒತ್ತಿದರು. ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ ಎಂದಿತು. ಮತ್ತೆ ಒತ್ತಿದರು. ಮತ್ತೆ ಅದೇ. ಮೂರನೆಯ ಬಾರಿ ಅವರ ಬೆರಳು ನಡುವೆಯೇ ನಿಂತಿತು. ಅವರು ನಮ್ಮ ಕಡೆ ನೋಡಿದ ನೋಟವನ್ನು ವರ್ಣಿಸುವ ಶಕ್ತಿ ನಮಗಿಲ್ಲ. ಮಾತು ಹೋಗಿತ್ತು, ಈಗ ನೆನಪೂ ಹೋಯಿತೆಂದು ಒಂದು ಯಂತ್ರ ಅವರಿಗೆ ತಿಳಿಸಿತ್ತು. ಫೋನನ್ನು ಮಂಚದ ಮೇಲೆ ಕವುಚಿಟ್ಟು ಅವರು ಗೋಡೆಯ ಕಡೆ ತಿರುಗಿದರು.

“ಅಜ್ಜಾ, ನೀವು ಒತ್ತಿದ್ದು ಬರೋಬ್ಬರಿನs ಅದ. ಅದಕ್ಕs ತಿಳಿಯವಲ್ದು” ಎಂದು ಮಗ ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಮಗ ಹೇಳಿದ್ದು ನಿಜವೇ ಆಗಿತ್ತು. ಆ ತುರ್ತುಕೋಣೆಯ ತಂತ್ರಾಂಶಕ್ಕೆ ಅಂಕಿಯಿಂದ ಬೀಗ ತೆಗೆಯುವ ವಿದ್ಯೆ ಆ ಆವೃತ್ತಿಯ ಮಟ್ಟಿಗೆ ತಿಳಿದಿರಲಿಲ್ಲ; ತನಗೆ ಬಾರದ್ದನ್ನು ಅದು ಕೇಳಿದವರ ತಪ್ಪೆಂದು ತೋರಿಸುತ್ತಿತ್ತು. ಕಚೇರಿಗಳಲ್ಲಿ ಇಂಥ ಉತ್ತರ ಕೇಳಿ ಅಭ್ಯಾಸವಿರುವ ನಮಗೆ ಇದು ಅರ್ಥವಾಗುವಂಥದೇ. ಅಜ್ಜನಿಗೆ ಮನವರಿಕೆ ಮಾಡಿಕೊಡುವ ದಾರಿ ಒಂದೇ ಇತ್ತು: ಫೋನು ಏಳಬೇಕು, ಅದೇ ಅಂಕಿಗೆ ತೆರೆಯಬೇಕು.

ಮರುದಿನ ಸಂಜೆ ನಾವು ಬುಧವಾರ ಪೇಠೆಯ ಒಂದು ಓಣಿಗೆ ಹೋದೆವು. ಎದೆಮಟ್ಟದ ಗಾಜಿನ ಕಪಾಟಿನ ಹಿಂದೆ ಕುಳಿತಿದ್ದ ಹುಡುಗ ಫೋನನ್ನು ಎರಡು ನಿಮಿಷ ನೋಡಿ, ಯಂತ್ರಕ್ಕೇನೂ ಆಗಿಲ್ಲ, ಸಾಫ್ಟ್‌ವೇರ್ ಹೊಡೆಯಬೇಕು ಎಂದನು. ನಮ್ಮ ಊರುಗಳಲ್ಲಿಯೂ ಈ ಕಸುಬಿನವರು ಇದೇ ಕ್ರಿಯಾಪದವನ್ನು ಬಳಸುತ್ತಾರೆ. ಮೊಳೆ ಹೊಡೆದಂತೆ, ಸುಣ್ಣ ಹೊಡೆದಂತೆ. ಐನೂರು ರೂಪಾಯಿ, ಅರ್ಧ ಗಂಟೆ. “ಪಣ್ ಡೇಟಾ ಜಾಣಾರ್” ಎಂದು ಸೇರಿಸಿದನು: ಒಳಗಿರುವುದು ಮಾತ್ರ ಹೋಗುತ್ತದೆ. ಅವನು ಪ್ರಾಮಾಣಿಕ, ಮುಚ್ಚಿಡಲಿಲ್ಲ. ಅವನ ಬಳಿ ಬರುವ ಹತ್ತರಲ್ಲಿ ಒಂಬತ್ತು ಜನಕ್ಕೆ ಫೋನು ಬೇಕು, ಒಳಗಿನದು ಬೇಡ. ನಮಗೆ ಒಳಗಿನದು ಬೇಕಿತ್ತು, ಫೋನು ಬೇಡವಾಗಿತ್ತು. ನಮಸ್ಕಾರ ಹೇಳಿ ಹಿಂದಿರುಗಿದೆವು.

ನಮ್ಮಿಬ್ಬರಲ್ಲಿ ಒಬ್ಬರು ಇಂಗ್ಲಿಷ್ ಎಂ.ಎ., ಇನ್ನೊಬ್ಬರು ವಾಣಿಜ್ಯ. ಈ ವಿದ್ಯೆ ಇಬ್ಬರಿಗೂ ಪರಸ್ಥಳ. ಮಗ ನಮಗೆ ತಿಳಿಯುವಂತೆ ಹೇಳಲು ಅಜ್ಜನ ಭಾಷೆಯನ್ನೇ ಎರವಲು ತೆಗೆದುಕೊಂಡನು. ಒಂಟಿ ಹಳಿಯ ಮಾರ್ಗದಲ್ಲಿ ಮುಂದಿನ ನಿಲ್ದಾಣ ಲೈನ್ ಕ್ಲಿಯರ್ ಕೊಡದೆ ಗಾಡಿ ಹೊರಡುವಂತಿಲ್ಲ. ಫೋನು ಏಳುವುದೂ ಹೀಗೆಯೇ. ಗುಂಡಿ ಒತ್ತಿದೊಡನೆ ಮೊದಲು ಎಚ್ಚರಗೊಳ್ಳುವುದು ಚಿಪ್ಪಿನಲ್ಲಿಯೇ ಕೆತ್ತಿದ, ಯಾರೂ ಬದಲಿಸಲಾಗದ ಪುಟ್ಟ ಸಂಕೇತ. ಅದು ಬೂಟ್‌ಲೋಡರನ್ನು ಪರಿಶೀಲಿಸಿ ಅದರ ಕೈಗೆ ಟೋಕನ್ ಕೊಡುತ್ತದೆ. ಬೂಟ್‌ಲೋಡರ್ ಕರ್ನೆಲ್ಲಿಗೆ ಕೊಡುತ್ತದೆ. ಕರ್ನೆಲ್ ಯಂತ್ರದ ಅಂಗಾಂಗಗಳನ್ನು ಎಬ್ಬಿಸಿ ಆಂಡ್ರಾಯ್ಡಿಗೆ ಕೊಡುತ್ತದೆ. ಕೊನೆಗೆ ಆಂಡ್ರಾಯ್ಡು ನಮ್ಮ ದಾಸ್ತಾನಿನ ಬಾಗಿಲು ತೆರೆಯುತ್ತದೆ. ಇಟ್ಟಿಗೆಯಾದ ಫೋನೆಂದರೆ ನಡುವೆ ಎಲ್ಲೋ ನಿಂತ ಗಾಡಿ. ರಿಪೇರಿಗೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಗಾಡಿ ಕೊನೆಯದಾಗಿ ಯಾವ ನಿಲ್ದಾಣ ದಾಟಿತು?

ಬೂಟ್‌ಲೋಡರೇ ಅಳಿಸಿಹೋಗಿದ್ದರೆ ಫೋನು ನಡುಗುವುದೂ ಇಲ್ಲ, ಬೆಳಗುವುದೂ ಇಲ್ಲ. ಅದು ಗಟ್ಟಿ ಇಟ್ಟಿಗೆ. ಆಗಲೂ ಚಿಪ್ಪಿನ ಒಳಗಿನ ಸಂಕೇತ ಜೀವಂತವಾಗಿರುತ್ತದೆ. ಕ್ವಾಲ್‌ಕಾಮ್ ಚಿಪ್ಪಾದರೆ ಕಂಪ್ಯೂಟರಿಗೆ ಜೋಡಿಸಿದಾಗ 9008 ಎಂಬ ಸಂಖ್ಯೆಯಿಂದ ತನ್ನ ಇರವನ್ನು ಸಾರುತ್ತದೆ. ಮೀಡಿಯಾಟೆಕ್ ಚಿಪ್ಪುಗಳಿಗೂ ಇಂಥದೇ ಒಂದು ಹಿಂಬಾಗಿಲಿದೆ. ಆದರೆ ಆ ಬಾಗಿಲು ತೆರೆಯಲು ಸಾಮಾನ್ಯವಾಗಿ ತಯಾರಕರ ಸಹಿಯುಳ್ಳ ಉಪಕರಣ ಬೇಕು. ನಮ್ಮ ಫೋನು ನಡುಗುತ್ತಿತ್ತು, ಲಾಂಛನ ತೋರಿಸುತ್ತಿತ್ತು. ಆದ್ದರಿಂದ ಅದು ಮೆದು ಇಟ್ಟಿಗೆ. ದನಿ ತಗ್ಗಿಸುವ ಗುಂಡಿಯನ್ನೂ ಪವರ್ ಗುಂಡಿಯನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಫಾಸ್ಟ್‌ಬೂಟ್ ಎಂಬ ಪರದೆ ಬರುತ್ತದೆ. ಅಲ್ಲಿಂದ ಬೂಟ್‌ಲೋಡರಿನೊಡನೆ ಕಂಪ್ಯೂಟರ್ ಮೂಲಕ ಮಾತನಾಡಬಹುದು. ಮೊದಲ ಸಂಜೆ ಅದು ಮಾತನಾಡಲಿಲ್ಲ. ಕಾರಣ ಕ್ಷುಲ್ಲಕ. ಮನೆಯಲ್ಲಿದ್ದ ಮೂರು ಕೇಬಲ್ಲುಗಳಲ್ಲಿ ಎರಡು ಚಾರ್ಜು ಮಾತ್ರ ಮಾಡುವಂಥವು. ಮಾಹಿತಿ ಸಾಗಿಸುವ ತಂತಿಗಳೇ ಅವುಗಳಲ್ಲಿ ಇರಲಿಲ್ಲ. ಮೂರನೆಯದನ್ನು ಜೋಡಿಸಿದಾಗ ಕಪ್ಪು ಪರದೆಯ ಮೇಲೆ ಫೋನಿನ ಸಂಖ್ಯೆ ಒಂದು ಸಾಲಾಗಿ ಮೂಡಿತು. ಅಷ್ಟಕ್ಕೇ ನಮಗೆ ಜೀವ ಬಂದಂತಾಯಿತು.

ಮುಂದಿನ ಮಾತು ನಮಗೆ ನಮ್ಮ ಕಚೇರಿಯಿಂದಲೇ ತಿಳಿಯಿತು. ಹೊಸ ಅಧಿಕಾರಿ ಅಧಿಕಾರ ವಹಿಸಿಕೊಳ್ಳದಿದ್ದರೆ ಕಡತಗಳು ಮುಂದೆ ಸರಿಯುವುದಿಲ್ಲ; ಹಾಗೆಂದು ರೆಕಾರ್ಡ್ ರೂಮಿಗೆ ಬೆಂಕಿ ಬಿದ್ದಿದೆಯೆಂದಲ್ಲ. ಫೋನಿನ ಸಂಗ್ರಹವೂ ಪ್ರತ್ಯೇಕ ಕೋಣೆಗಳಾಗಿ ಹಂಚಿಕೊಂಡಿರುತ್ತದೆ. ತಂತ್ರಾಂಶಕ್ಕೆ ಒಂದು, ಕರ್ನೆಲ್ಲಿಗೆ ಒಂದು, ರಿಕವರಿಗೆ ಒಂದು, ಬಳಕೆದಾರರ ದಾಸ್ತಾನಿಗೆ ಒಂದು. ತಂತ್ರಾಂಶದ ಕೋಣೆ ಹಾಳಾದರೂ ದಾಸ್ತಾನಿನ ಕೋಣೆ ಹಾಗೆಯೇ ಇರಬಹುದು. ಆದರೆ ಅದಕ್ಕೆ ಬೀಗವಿದೆ. ಆಂಡ್ರಾಯ್ಡ್ 7ರಿಂದ, ಅಂದರೆ 2016ರಿಂದ, ಒಂದೊಂದು ಕಡತವನ್ನೂ ಪ್ರತ್ಯೇಕವಾಗಿ ಗೂಢಲಿಪಿಗೆ ತಿರುಗಿಸಿಡುವ ಕ್ರಮ ಬಂದಿದೆ. ಅದರ ಕೀಲಿ ಅಜ್ಜನ ನಾಲ್ಕಂಕಿ ಒಂದೇ ಅಲ್ಲ. ಚಿಪ್ಪಿನೊಳಗೆ ಅಡಗಿರುವ ಇನ್ನೊಂದು ಗುಟ್ಟೂ ಅದರೊಡನೆ ಕೂಡಬೇಕು. ಆದ್ದರಿಂದಲೇ ಸಂಗ್ರಹದ ಚಿಪ್ಪನ್ನು ಕಿತ್ತು ಬೇರೆ ಫೋನಿಗೆ ಬೆಸುಗೆ ಹಾಕಿದರೂ ಅಕ್ಷರ ಬಿಡಿಸಲಾಗದು. ‘ಫ್ಯಾಕ್ಟರಿ ರೀಸೆಟ್’ ಎಂಬ ಸಾಲನ್ನು ಒತ್ತಿದರೆ ಈ ಕೀಲಿಗಳೇ ನಾಶವಾಗುತ್ತವೆ. ಆಮೇಲೆ ಯಾವ ಪಂಡಿತನೂ ಏನನ್ನೂ ಬಿಡಿಸಲಾರ. ಆ ಸಾಲು ರಿಕವರಿಯ ಪರದೆಯ ಮೇಲೆ ಒಂದು ಬೆರಳಿನ ದೂರದಲ್ಲಿ ಒಂಬತ್ತು ದಿನವೂ ನಮ್ಮ ಕಣ್ಣೆದುರಿಗಿತ್ತು.

ರಿಕವರಿಯ ಮೂಲಕ ಮಗ ಆ ಕೋಣೆಯನ್ನು ಇಣುಕಿ ನೋಡಿದನು. ಕಡತಗಳ ಹೆಸರುಗಳೆಲ್ಲ ಅರ್ಥವಿಲ್ಲದ ಅಕ್ಷರಗಳ ಮುದ್ದೆಗಳಾಗಿದ್ದವು. ನಮ್ಮ ಎದೆ ಕುಸಿಯಿತು. ಆದರೆ ಅವನು ಬೆರಳು ಮಾಡಿ ತೋರಿಸಿದ್ದು ಹೆಸರುಗಳನ್ನಲ್ಲ, ಅವುಗಳ ಪಕ್ಕದ ಅಂಕಣಗಳನ್ನು. ಹೆಸರಿಗೂ ಒಡಲಿಗೂ ಬೀಗವಿತ್ತು. ಗಾತ್ರಕ್ಕೂ ದಿನಾಂಕಕ್ಕೂ ಇರಲಿಲ್ಲ. ಒಂದು ಕೋಶದಲ್ಲಿ ಹೆಚ್ಚುಕಡಿಮೆ ಒಂದೇ ಗಾತ್ರದ 64 ಕಡತಗಳಿದ್ದವು. ದಿನಾಂಕಗಳು ಒಂದರ ಹಿಂದೊಂದು ಬಂದು ಫೆಬ್ರುವರಿ 3ಕ್ಕೆ ನಿಂತಿದ್ದವು. ಅಜ್ಜ ಆಸ್ಪತ್ರೆಗೆ ಸೇರಿದ್ದು 5ರಂದು. ಓದಲಾಗದ ಆ ಪಟ್ಟಿಯನ್ನು ನಾವು ಕಾಗದದ ಮೇಲೆ ನಕಲು ಮಾಡಿಕೊಂಡೆವು. ಹಳೆಯ ಶಾಸನದ ಮುಂದೆ ನಿಂತು, ಲಿಪಿ ಬಾರದಿದ್ದರೂ ಇದು ನಮ್ಮ ಊರಿನದೇ ಎಂದು ತಿಳಿದವರ ಸಮಾಧಾನ ನಮಗಾಯಿತು.

ಈಗ ಪ್ರಶ್ನೆ, ಗಾಡಿಯನ್ನು ಮುಂದಕ್ಕೆ ಒಯ್ಯುವುದೋ ಹಿಂದಕ್ಕೆ ತರುವುದೋ ಎಂಬುದು. ಹೊಸ ಆವೃತ್ತಿ ಏಳದಿರಲು ಕಾರಣ ತಿಳಿಯಿತು. ತಂತ್ರಾಂಶದ ಕೆಳಗೆ, ಮೋಡೆಮ್ ಮೊದಲಾದ ಅಂಗಗಳನ್ನು ನಡೆಸುವ ತಯಾರಕರ ತಳಪಾಯವೊಂದಿರುತ್ತದೆ, ಫರ್ಮ್‌ವೇರ್ ಎನ್ನುತ್ತಾರೆ. ಹೊಸ ಮನೆಗೆ ಹೊಸ ತಳಪಾಯ ಬೇಕಿತ್ತು, ಇದ್ದದ್ದು ಹಳೆಯದು. ತಳಪಾಯವನ್ನೇ ಬದಲಿಸಿ ಮುಂದೆ ಹೋಗಬಹುದು. ಆದರೆ ಕೀಲಿಗಳನ್ನು ಕಾಯುವ ಭಾಗವೂ ಆ ತಳಪಾಯದಲ್ಲಿಯೇ ಇದೆ, ಅದನ್ನು ಅಲುಗಿಸಲು ನಮಗೆ ಧೈರ್ಯ ಬರಲಿಲ್ಲ. ಹಿಂದೆ ಹೋಗುವುದಕ್ಕೂ ಒಂದು ತೊಡಕಿತ್ತು. ಈ ಕೀಲಿಗಳು ತಂತ್ರಾಂಶದ ಆವೃತ್ತಿಗೂ ಭದ್ರತಾ ತೇಪೆಯ ದಿನಾಂಕಕ್ಕೂ ಕಟ್ಟುಬಿದ್ದಿರುತ್ತವೆ. ಹೊಸ ಆವೃತ್ತಿ ಒಮ್ಮೆ ಅವನ್ನು ಮುಟ್ಟಿ ತನ್ನ ಮಟ್ಟಕ್ಕೆ ಏರಿಸಿದರೆ ಹಳೆಯ ಆವೃತ್ತಿಗೆ ಅವು ಒಗ್ಗುವುದಿಲ್ಲ. ಹಾಗಾದರೆ ಆ ಭಾನುವಾರ ಹೊಸ ಆವೃತ್ತಿ ಕೀಲಿಗಳನ್ನು ಮುಟ್ಟಿತ್ತೇ?

ಇದಕ್ಕೆ ಉತ್ತರ ಕೊಟ್ಟದ್ದು ಫೋನಿನ ದಿನಚರಿ. ಬೂಟ್ ಆಗುತ್ತಾ ಸತ್ತ ಕರ್ನೆಲ್ಲಿನ ಕೊನೆಯ ಮಾತುಗಳು ನೆನಪಿನ ಒಂದು ಮೂಲೆಯಲ್ಲಿ ಉಳಿಯುವ ಏರ್ಪಾಡು ಹಲವು ಫೋನುಗಳಲ್ಲಿದೆ. ರಿಕವರಿಗೆ ಬಂದು ಅವನ್ನು ಓದಬಹುದು. ಮಗ ಮೂರು ರಾತ್ರಿ ಕುಳಿತು ಆ ಸಾವಿರಾರು ಸಾಲುಗಳನ್ನು ಓದಿದನು. ತಳಪಾಯದ ಒಂದು ತುಣುಕು ಸಿಗದೆ ಕರ್ನೆಲ್ ಕುಸಿದ ಸಾಲು ಇತ್ತು. ದಾಸ್ತಾನಿನ ಕೋಣೆಯ ಬಾಗಿಲು ತಟ್ಟಿದ ಸಾಲು ಎಲ್ಲಿಯೂ ಇರಲಿಲ್ಲ. ಗಾಡಿ ಆ ನಿಲ್ದಾಣವನ್ನು ಮುಟ್ಟಿಯೇ ಇಲ್ಲ. ಹಿಂದಕ್ಕೆ ತರಬಹುದು.

ತರಬೇಕಾದದ್ದು ಯಾವುದೋ ಹಳೆಯ ಆವೃತ್ತಿಯಲ್ಲ. ಅಜ್ಜನ ಫೋನಿನಲ್ಲಿ ಶನಿವಾರದವರೆಗೆ ಇದ್ದ ಅದೇ ಆವೃತ್ತಿ, ಅದೇ ದಿನಾಂಕದ್ದು. ಇಂಥ ತಂತ್ರಾಂಶಗಳನ್ನು ಹಂಚುವವರು ಜಾಗದ ಕೊರತೆಯಿಂದ ಇತ್ತೀಚಿನ ಕೆಲವನ್ನು ಮಾತ್ರ ಉಳಿಸಿ ಹಿಂದಿನವನ್ನು ಅಳಿಸುತ್ತಿರುತ್ತಾರೆ. ನಮಗೆ ಬೇಕಾದದ್ದು ಅಳಿದಿತ್ತು. ಅದನ್ನು ಹಾಕುವಾಗ ಬಳಸಿದ ಪೆನ್ ಡ್ರೈವ್ ಎಲ್ಲಿ ಎಂದು ಮನೆಯೆಲ್ಲ ಜಾಲಾಡಿದೆವು. ಆಗ ನೆನಪಾಯಿತು: ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಹಾಡುಗಳನ್ನು ತುಂಬಿ ಅದನ್ನು ನಮ್ಮ ಕನ್ನಡ ಬಳಗಕ್ಕೆ ಕೊಟ್ಟಿದ್ದೆವು. ಬಳಗದ ಕಪಾಟಿನ ಕೀಲಿ ಇದ್ದ ಹಿರಿಯರು ಮಗಳ ಬಾಣಂತನಕ್ಕೆಂದು ಸೋಲಾಪುರಕ್ಕೆ ಹೋಗಿದ್ದರು. ಅವರು ಭಾನುವಾರ ರಾತ್ರಿ ಮರಳಿ, ಸೋಮವಾರ ಬೆಳಿಗ್ಗೆ ಕಪಾಟು ತೆರೆದುಕೊಟ್ಟರು. ನಾಡಗೀತೆ, ಭಾವಗೀತೆ, ಕೋಲಾಟದ ಹಾಡುಗಳ ನಡುವೆ ಏಳುನೂರು ಎಂಬಿಯ ಆ ಕಡತ, ಅದರ ಪಕ್ಕದಲ್ಲಿ 64 ಅಕ್ಷರಗಳ ತಾಳೆಸಂಖ್ಯೆಯ ಪುಟ್ಟ ಕಡತ, ಎರಡೂ ಇದ್ದವು.

ತಾಳೆಸಂಖ್ಯೆಯ ವಿಚಾರ ಸಾಹಿತ್ಯದ ವಿದ್ಯಾರ್ಥಿಗಳಿಗೆ ರುಚಿಸುವಂಥದು. ಗ್ರಂಥಸಂಪಾದಕರು ಪ್ರತಿಗಳನ್ನು ಅಕ್ಷರ ಅಕ್ಷರ ತಾಳೆ ನೋಡಿ ಪಾಠಾಂತರ ಹುಡುಕುತ್ತಾರೆ. ಇಲ್ಲಿ ಇಡೀ ಕಡತವನ್ನು ಒಂದು ಲೆಕ್ಕಕ್ಕೆ ಒಡ್ಡಿ ಒಂದು ಸಂಖ್ಯೆ ಪಡೆಯುತ್ತಾರೆ. ಕೋಟಿಗಟ್ಟಲೆ ಚುಕ್ಕೆಗಳಲ್ಲಿ ಒಂದು ಬದಲಾದರೂ ಸಂಖ್ಯೆ ಗುರುತು ಸಿಗದಷ್ಟು ಬದಲಾಗುತ್ತದೆ. ನಾವು ಒಬ್ಬರು ಓದಿ, ಒಬ್ಬರು ಬೆರಳಿಟ್ಟು 64 ಅಕ್ಷರಗಳನ್ನೂ ತಾಳೆ ನೋಡಿದೆವು. ಪಾಠಾಂತರ ಇರಲಿಲ್ಲ.

ಸೋಮವಾರ ಸಂಜೆಯ ಕೆಲಸ ಹೇಳುವಷ್ಟು ದೊಡ್ಡದಲ್ಲ. ಫೋನಿನ ಬ್ಯಾಟರಿ ತುಂಬಿಸಿದೆವು, ಕೇಬಲ್ಲಿನ ಬಳಿ ಯಾರೂ ಓಡಾಡಬಾರದೆಂದು ಕುರ್ಚಿ ಅಡ್ಡ ಇಟ್ಟೆವು. ಮಗ ರಿಕವರಿಯಿಂದ ಹಳೆಯ ಆವೃತ್ತಿಯನ್ನು ತಂತ್ರಾಂಶದ ಕೋಣೆಗೆ ಮಾತ್ರ ಇಳಿಸಿದನು, ದಾಸ್ತಾನನ್ನು ಮುಟ್ಟಲಿಲ್ಲ. ಆರು ನಿಮಿಷ ಹಿಡಿಯಿತು. ಮರಳಿ ಚಾಲೂ ಮಾಡಿದಾಗ ನಡುಕ, ಲಾಂಛನ. ಇಪ್ಪತ್ತು ಸೆಕೆಂಡು ಕಳೆಯಿತು, ಆರಲಿಲ್ಲ. ಒಂದು ನಿಮಿಷ, ಎರಡು ನಿಮಿಷ, ನಾಲ್ಕು. ಬಳಿಕ ದೊಡ್ಡ ಕನ್ನಡ ಅಕ್ಷರಗಳಲ್ಲಿ ಗಂಟೆಯೂ ವಾರವೂ ಕಾಣಿಸಿದವು.

ಅಜ್ಜ ಫೋನನ್ನು ಮುಟ್ಟಲು ಒಪ್ಪಲಿಲ್ಲ. ಮಗ ಅವರ ಎಡಗೈಯ ಬಳಿ ಅದನ್ನಿಟ್ಟು ಸುಮ್ಮನೆ ಕುಳಿತನು. ಬಹಳ ಹೊತ್ತಿನ ಮೇಲೆ ಹೆಬ್ಬೆರಳು ನಾಲ್ಕು ಬಾರಿ ಚಲಿಸಿತು. ಫೋನು ತೆರೆಯಿತು. ಅಜ್ಜ ಅದನ್ನು ಮುಚ್ಚಿದರು, ಮತ್ತೆ ಅದೇ ನಾಲ್ಕಂಕಿ ಒತ್ತಿ ತೆರೆದರು. ಮೂರನೆಯ ಬಾರಿಯೂ ಹಾಗೆಯೇ ಮಾಡಿದರು. ಆಮೇಲೆ ಮೊಮ್ಮಗನ ಕಡೆ ತಿರುಗಿ ತಲೆಯಾಡಿಸಿದರು. ಆ ರಾತ್ರಿ ನಾವು ಮೊದಲು ಮಾಡಿದ ಕೆಲಸ 23 ಮುದ್ರಣಗಳನ್ನು ಕಂಪ್ಯೂಟರಿಗೂ ಒಂದು ಬೇರೆ ಡಿಸ್ಕಿಗೂ ಇಳಿಸಿ, ಒಂದು ಪ್ರತಿಯನ್ನು ಧಾರವಾಡದ ಬಂಧುಗಳಿಗೆ ಕಳಿಸಿದ್ದು. ಮುಂದಿನ ವಾರ ಮಗ ಹೊಸ ತಳಪಾಯ ಹಾಕಿ, ಎಲ್ಲವನ್ನೂ ಅಳಿಸಿ, ಹೊಸ ಆವೃತ್ತಿಯನ್ನು ಕ್ರಮವಾಗಿ ಕೂಡಿಸಿದನು. ಒಂಬತ್ತು ದಿನ ನಮ್ಮನ್ನು ಹೆದರಿಸಿದ್ದ ಆ ‘ರೀಸೆಟ್’ ಸಾಲನ್ನು ಆಗ ಯಾವ ಅಳುಕೂ ಇಲ್ಲದೆ ಒತ್ತಿದೆವು.

ಈಗ ಚಿಕಿತ್ಸಕಿಯ ವಿಡಿಯೊ ಕರೆಯಲ್ಲಿ ಆ ಮುದ್ರಣ ನಡೆಯುತ್ತದೆ. ಘಟಪ್ರಭಾ, ಚಿಕ್ಕೋಡಿ ರೋಡ್, ರಾಯಬಾಗ, ಚಿಂಚಲಿ ಎಂದು ಅಜ್ಜನ ಹಿಂದಿನ ದನಿ ಹೇಳುತ್ತ ಹೋಗುತ್ತದೆ. ಇಂದಿನ ದನಿ ಅದರ ಬೆನ್ನು ಹತ್ತುತ್ತದೆ. ಕೆಲವು ದಿನ ರಾಯಬಾಗದಲ್ಲಿಯೇ ನಿಲ್ಲುತ್ತದೆ. ಒಮ್ಮೊಮ್ಮೆ ಕುಡಚಿ ದಾಟಿ ಉಗಾರದವರೆಗೆ ಹೋದದ್ದುಂಟು. ಮಿರಜ ಇನ್ನೂ ಮುಟ್ಟಿಲ್ಲ.

ಇದನ್ನು ಓದಿ ಯಾರಾದರೂ ತಮ್ಮ ಫೋನಿನ ತಂತ್ರಾಂಶ ಬದಲಿಸಲು ಹೊರಟರೆ ಎರಡು ಮಾತು ಹೇಳುವುದು ನಮ್ಮ ಧರ್ಮ. ಬೂಟ್‌ಲೋಡರಿನ ಬೀಗ ತೆಗೆಯುವಾಗ ಫೋನಿನಲ್ಲಿರುವುದೆಲ್ಲ ಅಳಿಯುತ್ತದೆ. ಬೀಗ ತೆಗೆದ ಫೋನನ್ನು ಹಲವು ಬ್ಯಾಂಕ್ ಆ್ಯಪ್‌ಗಳು ನಂಬುವುದಿಲ್ಲ. ಕಚೇರಿಯ ಕೆಲಸಕ್ಕೂ ಹಣದ ವ್ಯವಹಾರಕ್ಕೂ ಬಳಸುವ ಫೋನಿಗೆ ಈ ಪ್ರಯೋಗ ಸಲ್ಲದು. ಆದರೆ ಫೋನು ನಿಲ್ಲಲು ಇಂಥ ಪ್ರಯೋಗವೇ ಬೇಕಿಲ್ಲ. ತಯಾರಕರದೇ ಅಪ್‌ಡೇಟು ಕೆಡಬಹುದು, ನೀರು ಬೀಳಬಹುದು, ಕಳ್ಳತನವಾಗಬಹುದು. ಯಾವ ಕಾರಣಕ್ಕೆ ನಿಂತರೂ ಮೊದಲ ದಿನ ಏನನ್ನೂ ಒತ್ತದಿರುವುದೇ ದೊಡ್ಡ ರಿಪೇರಿ. ಅಂಗಡಿಯವರಿಗೆ ಕೊಡುವ ಮೊದಲು, ಒಳಗಿರುವುದು ಉಳಿಯುತ್ತದೆಯೇ ಎಂದು ಬಾಯಿ ಬಿಟ್ಟು ಕೇಳಬೇಕು.

ಹಿಂದೆ ಹಿರಿಯರ ನೆನಪು ಪೆಟ್ಟಿಗೆಯಲ್ಲಿ ಇರುತ್ತಿತ್ತು: ಕಾಗದಗಳು, ಜಾತಕ, ಹಳದಿ ಬಿದ್ದ ಫೋಟೊಗಳು. ಪೆಟ್ಟಿಗೆಗೆ ಗೆದ್ದಲು ಹಿಡಿದರೂ ಅರ್ಧವಾದರೂ ಉಳಿಯುತ್ತಿತ್ತು. ಫೋನಿನ ದಾಸ್ತಾನಿಗೆ ಅರ್ಧ ಎಂಬುದಿಲ್ಲ. ಕೀಲಿ ಇದ್ದರೆ ಎಲ್ಲವೂ ಇದೆ, ಹೋದರೆ ಏನೂ ಇಲ್ಲ. ಊರಿನಲ್ಲಿರುವ, ಇಲ್ಲವೆ ಪಕ್ಕದ ಕೋಣೆಯಲ್ಲಿರುವ ನಿಮ್ಮ ಹಿರಿಯರ ಫೋನನ್ನು ಈ ಭಾನುವಾರ ಅವರ ಅನುಮತಿ ಕೇಳಿ ಒಮ್ಮೆ ತೆರೆದು ನೋಡಿ. ಅದರಲ್ಲಿರುವ ದನಿಗಳನ್ನು ಇನ್ನೆರಡು ಕಡೆ ಇಳಿಸಿಡಿ. ಮಾಹಿತಿ ಸಾಗಿಸುವ ಕೇಬಲ್ಲು ಒಂದಿದ್ದರೆ ಸಾಕು. ಅರ್ಧ ಗಂಟೆಯ ಕೆಲಸ.